ಡೊನೆಟ್ಸ್ಕ್‌ನ ನಾಲ್ಕು ಊರುಗಳನ್ನು ಉಕ್ರೇನ್ ಯಾಕೆ ಬಿಟ್ಟುಕೊಡುತ್ತಿಲ್ಲ?

ಉಕ್ರೇನ್ ಯುದ್ಧದ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಒಂದು ಮಾತು ಕೇಳಿಬರುತ್ತದೆ. ಅಷ್ಟು ದೊಡ್ಡ ರಷ್ಯಾದ ಎದುರು ಎಷ್ಟು ದಿನ ಅಂತ ಹೋರಾಡುವುದು, ಒಂದಿಷ್ಟು ನೆಲ ಬಿಟ್ಟುಕೊಟ್ಟು ಉಳಿದ ಜನರ ಪ್ರಾಣ ಉಳಿಸಿಕೊಳ್ಳಬಾರದೇ ಎಂದು. ಹೀಗೆ ಕೇಳುವವರಲ್ಲಿ ಬಹಳ ಮಂದಿ ಸಾವುನೋವು ನಿಲ್ಲಲಿ ಎಂಬ ಕಳಕಳಿಯಿಂದಲೇ ಕೇಳುತ್ತಾರೆ. 2025ರ ನವೆಂಬರ್‌ನಲ್ಲಿ ಅಮೆರಿಕದ ಕಡೆಯಿಂದ ಹೊರಬಂದ 28 ಅಂಶಗಳ ಶಾಂತಿ ಕರಡಿನಲ್ಲೂ ಮುಖ್ಯವಾಗಿ ಇದ್ದದ್ದು ಇದೇ: ದೇಶದ ಪೂರ್ವದ ಡೊನೆಟ್ಸ್ಕ್ ಪ್ರಾಂತ್ಯದಲ್ಲಿ ಇನ್ನೂ ತನ್ನ ಕೈಯಲ್ಲಿರುವ ಭಾಗವನ್ನು ಉಕ್ರೇನ್ ಸೇನೆ ತೆರವು ಮಾಡಬೇಕು. ಆ ಭಾಗ ಪ್ರಾಂತ್ಯದ ಕಾಲುಭಾಗಕ್ಕಿಂತ ಕಡಿಮೆ. ಇಡೀ ದೇಶದ ಲೆಕ್ಕದಲ್ಲಿ ನೂರಕ್ಕೆ ಒಂದು ಪಾಲಿನ ಆಸುಪಾಸು. ಅಷ್ಟಕ್ಕಾಗಿ ಇಷ್ಟು ಜನ ಸಾಯಬೇಕೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಆ ಭಾಗದಲ್ಲಿ ಏನಿದೆ ಎಂದು ನೋಡಿದ ಮೇಲೆ ಹಾಗೆ ಹೇಳುವುದು ಕಷ್ಟ. ಉತ್ತರದಿಂದ ದಕ್ಷಿಣಕ್ಕೆ ಸ್ಲೊವಿಯಾನ್ಸ್ಕ್, ಕ್ರಾಮಟೋರ್ಸ್ಕ್, ಡ್ರುಜ್‌ಕಿವ್ಕಾ, ಕೊಸ್ತ್ಯಾಂಟಿನಿವ್ಕಾ ಎಂಬ ನಾಲ್ಕು ಕೈಗಾರಿಕಾ ಪಟ್ಟಣಗಳು ಒಂದೇ ಹೆದ್ದಾರಿಯ ಗುಂಟ ಸುಮಾರು 50 ಕಿಲೋಮೀಟರ್ ಉದ್ದಕ್ಕೂ ಹಬ್ಬಿವೆ. ಸೋವಿಯತ್ ಕಾಲದ ಕಾರ್ಖಾನೆಗಳ ದಪ್ಪ ಕಾಂಕ್ರೀಟ್ ಕಟ್ಟಡಗಳು, ನೆಲಮಾಳಿಗೆಗಳು, ರೈಲು ಹಳಿಯ ಏರಿಗಳು, ಊರ ಸುತ್ತಲಿನ ದಿಬ್ಬಗಳು ಎಲ್ಲವೂ ರಕ್ಷಣೆಗೆ ಹೇಳಿ ಮಾಡಿಸಿದಂತಿವೆ. 2014ರಿಂದ ಉಕ್ರೇನ್ ಸೇನೆ ಇವುಗಳ ಸುತ್ತ ಕಂದಕ ತೋಡಿದೆ, ಬಂಕರ್ ಕಟ್ಟಿದೆ, ಟ್ಯಾಂಕ್ ತಡೆಗಳನ್ನು ನಿಲ್ಲಿಸಿದೆ, ನೆಲಬಾಂಬ್ ಹೂತಿದೆ. ಯುದ್ಧ ವಿಶ್ಲೇಷಕರು ಇದನ್ನು 'ಕೋಟೆ ಪಟ್ಟಿ' ಎಂದೇ ಕರೆಯುತ್ತಾರೆ. ಇದನ್ನು ದಾಟಿ ಪಶ್ಚಿಮಕ್ಕೆ ಹೋದರೆ ದ್ನಿಪ್ರೊ ನದಿಯವರೆಗೆ ಗೋಧಿ, ಸೂರ್ಯಕಾಂತಿ ಬೆಳೆಯುವ ಬಯಲೇ ಬಯಲು. ಇಷ್ಟು ಗಟ್ಟಿಯಾದ ಇನ್ನೊಂದು ಸಾಲು ಅಲ್ಲಿ ಸಿಗುವುದಿಲ್ಲ. ಅಂದರೆ ಕೇಳುತ್ತಿರುವುದು ಬರೀ ನೆಲವನ್ನಲ್ಲ, ಮತ್ತೊಮ್ಮೆ ದಾಳಿಯಾದರೆ ತಡೆಯುವ ಶಕ್ತಿಯನ್ನು.

ಈ ಯುದ್ಧ ಮೊದಲು ಹೊತ್ತಿಕೊಂಡದ್ದೂ ಇದೇ ಸ್ಲೊವಿಯಾನ್ಸ್ಕ್‌ನಲ್ಲಿ. 2014ರ ಏಪ್ರಿಲ್ 12ರಂದು ಗುರುತಿನ ಚಿಹ್ನೆಯಿಲ್ಲದ ಸಮವಸ್ತ್ರದ ಶಸ್ತ್ರಧಾರಿಗಳು ಊರಿನ ಪೊಲೀಸ್ ಠಾಣೆ ಹಿಡಿದರು. ಅವರ ನಾಯಕ ಇಗೋರ್ ಗಿರ್ಕಿನ್ ರಷ್ಯಾದ ಪ್ರಜೆ, ಅಲ್ಲಿನ ಗುಪ್ತಚರ ಸಂಸ್ಥೆಯ ಮಾಜಿ ಅಧಿಕಾರಿ. ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ವಿಮಾನವನ್ನು ಹೊಡೆದುರುಳಿಸಿದ ಪ್ರಕರಣದಲ್ಲಿ 2022ರಲ್ಲಿ ಡಚ್ ನ್ಯಾಯಾಲಯ ಅವನನ್ನು ಅಪರಾಧಿ ಎಂದಿತು. 2014ರ ಜುಲೈ ಮೊದಲ ವಾರ ಉಕ್ರೇನ್ ಸೇನೆ ಸ್ಲೊವಿಯಾನ್ಸ್ಕ್ ಅನ್ನು ಮರಳಿ ಪಡೆಯಿತು. ಅಲ್ಲಿಂದ ಇಲ್ಲಿಯವರೆಗೆ ರಷ್ಯಾ ಸ್ಲೊವಿಯಾನ್ಸ್ಕ್ ಆಗಲಿ ಕ್ರಾಮಟೋರ್ಸ್ಕ್ ಆಗಲಿ ಹಿಡಿದಿಲ್ಲ. ಪ್ರಯತ್ನಕ್ಕೇನೂ ಕೊರತೆ ಇರಲಿಲ್ಲ. ಯುದ್ಧಕ್ಕೆ ಮೊದಲು ಸುಮಾರು 70 ಸಾವಿರ ಜನರಿದ್ದ ಬಖ್ಮುತ್ ಎಂಬ ಒಂದು ಪಟ್ಟಣ ಗೆಲ್ಲಲು ರಷ್ಯಾಕ್ಕೆ ಹತ್ತು ತಿಂಗಳು ಬೇಕಾಯಿತು. ರಷ್ಯಾದ ಪರ ಹೋರಾಡಿದ ತನ್ನ ಖಾಸಗಿ ವ್ಯಾಗ್ನರ್ ಪಡೆಯ 20 ಸಾವಿರ ಮಂದಿ ಅಲ್ಲಿ ಸತ್ತರೆಂದು ಯೆವ್ಗೆನಿ ಪ್ರಿಗೋಝಿನ್ ತಾನೇ ಹೇಳಿಕೊಂಡ. ಡೊನೆಟ್ಸ್ಕ್‌ನ ಇನ್ನೊಂದು ಪಟ್ಟಣ ಪೊಕ್ರೋವ್ಸ್ಕ್ ಎದುರು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಯುದ್ಧಭೂಮಿಯಲ್ಲಿ ಹನ್ನೊಂದು ವರ್ಷದಲ್ಲಿ ಸಿಗದ್ದನ್ನು ಮೇಜಿನ ಮೇಲೆ ಒಂದು ಸಹಿಯಿಂದ ಪಡೆಯುವುದೇ ಈ ಬೇಡಿಕೆಯ ತಿರುಳು.

ಸಹಿ ಹಾಕಿ, ಬದಲಿಗೆ ಭದ್ರತೆಯ ಭರವಸೆ ಪಡೆಯಿರಿ ಎನ್ನುವವರಿಗೆ ಉಕ್ರೇನಿನ ಜನ ತೋರಿಸುವುದು 1994ರ ಡಿಸೆಂಬರ್ 5ರ ಕಾಗದವನ್ನು. ಸೋವಿಯತ್ ಒಕ್ಕೂಟ ಒಡೆದಾಗ ಜಗತ್ತಿನ ಮೂರನೇ ಅತಿ ದೊಡ್ಡ ಅಣ್ವಸ್ತ್ರ ಸಂಗ್ರಹ ಉಕ್ರೇನಿನ ನೆಲದಲ್ಲಿ ಉಳಿದಿತ್ತು. ಅದನ್ನು ಉಡಾಯಿಸುವ ಸಂಕೇತಗಳು ಮಾಸ್ಕೋ ಕೈಯಲ್ಲಿದ್ದವು ನಿಜ, ಆದರೂ ಅದು ಚೌಕಾಸಿಗೆ ಸಣ್ಣ ಬಲವಲ್ಲ. ಅದೆಲ್ಲವನ್ನೂ ಬಿಟ್ಟುಕೊಡಲು ಉಕ್ರೇನ್ ಒಪ್ಪಿತು. ಪ್ರತಿಯಾಗಿ ರಷ್ಯಾ, ಅಮೆರಿಕ, ಬ್ರಿಟನ್ ಮೂರೂ ಬುಡಾಪೆಸ್ಟ್‌ನಲ್ಲಿ ಸಹಿ ಹಾಕಿ ಉಕ್ರೇನಿನ ಗಡಿಯನ್ನು ಗೌರವಿಸುತ್ತೇವೆ, ಬಲ ಪ್ರಯೋಗಿಸುವುದಿಲ್ಲ ಎಂದವು. 1997ರಲ್ಲಿ ರಷ್ಯಾದ ಜೊತೆ ಸ್ನೇಹ ಒಪ್ಪಂದವಾಯಿತು, ಅದರಲ್ಲೂ ಗಡಿಗೆ ಮನ್ನಣೆ ಇತ್ತು. 2014ರ ಮಾರ್ಚ್‌ನಲ್ಲಿ ರಷ್ಯಾ ಕ್ರಿಮಿಯಾವನ್ನು ತನ್ನದಾಗಿಸಿಕೊಂಡಿತು. ಉಕ್ರೇನ್ ಅಲ್ಲಿ ಹೆಚ್ಚುಕಡಿಮೆ ಗುಂಡು ಹಾರಿಸದೆ ಹಿಂದೆ ಸರಿಯಿತು. ಆಗ ಇಡೀ ದೇಶದಲ್ಲಿ ತಕ್ಷಣ ಯುದ್ಧಕ್ಕೆ ಸಿದ್ಧವಿದ್ದ ಸೈನಿಕರು ಸುಮಾರು 6 ಸಾವಿರ ಮಾತ್ರ ಎಂದು ಅಂದಿನ ರಕ್ಷಣಾ ಸಚಿವರೇ ಹೇಳಿದ್ದರು. ಬಳಿಕ 2014ರ ಸೆಪ್ಟೆಂಬರ್ ಮತ್ತು 2015ರ ಫೆಬ್ರವರಿಯಲ್ಲಿ ಪೂರ್ವದ ಕದನ ನಿಲ್ಲಿಸಲು ಮಿನ್ಸ್ಕ್ ಒಪ್ಪಂದಗಳಾದವು. ಹಾಗಿದ್ದೂ 2022ರ ಮೊದಲೇ ಡಾನ್‌ಬಾಸ್‌ನಲ್ಲಿ, ಅಂದರೆ ಡೊನೆಟ್ಸ್ಕ್, ಲುಹಾನ್ಸ್ಕ್ ಪ್ರಾಂತ್ಯಗಳಲ್ಲಿ, ಎರಡೂ ಕಡೆ ಸೇರಿ ಸುಮಾರು 14 ಸಾವಿರ ಜನ ಸತ್ತಿದ್ದರು. ನೆಲ ಬಿಟ್ಟರೆ ಶಾಂತಿ ಸಿಗುತ್ತದೆ ಎಂಬುದನ್ನು ಈ ದೇಶ ಒಮ್ಮೆ ಪರೀಕ್ಷೆ ಮಾಡಿ ನೋಡಿದೆ.

ಅಮೆರಿಕ, ಯುರೋಪ್ ದೇಶಗಳ ಸೇನಾ ಕೂಟ ನ್ಯಾಟೊ ವಿಸ್ತರಿಸಿದ್ದೇ ಯುದ್ಧಕ್ಕೆ ಕಾರಣ ಎಂಬ ವಾದಕ್ಕೆ ಇಲ್ಲಿ ಬರಲೇಬೇಕು, ಯಾಕೆಂದರೆ ಕನ್ನಡದ ಚರ್ಚೆಗಳಲ್ಲೂ ಅದು ತಪ್ಪದೆ ಬರುತ್ತದೆ. 2008ರ ಏಪ್ರಿಲ್‌ನ ಬುಖಾರೆಸ್ಟ್ ಸಭೆಯಲ್ಲಿ ಉಕ್ರೇನ್ ಮತ್ತು ಜಾರ್ಜಿಯಾ ಮುಂದೊಂದು ದಿನ ಸದಸ್ಯರಾಗುತ್ತವೆ ಎಂದು ನ್ಯಾಟೊ ಘೋಷಿಸಿತು. ದಿನಾಂಕ ಹೇಳಲಿಲ್ಲ, ರಕ್ಷಣೆಯನ್ನೂ ಕೊಡಲಿಲ್ಲ. ಇದು ದೊಡ್ಡ ತಪ್ಪು ಎಂದು ನನಗನ್ನಿಸುತ್ತದೆ. ರಷ್ಯಾವನ್ನು ಕೆರಳಿಸಿ, ಆ ಎರಡು ದೇಶಗಳನ್ನು ಬರಿಗೈಯಲ್ಲಿ ನಿಲ್ಲಿಸಿದಂತಾಯಿತು. ಅದೇ ಆಗಸ್ಟ್‌ನಲ್ಲಿ ರಷ್ಯಾ ಜಾರ್ಜಿಯಾದೊಳಗೆ ನುಗ್ಗಿತು. ಆದರೆ ನ್ಯಾಟೊ ಒಂದೇ ಕಾರಣವಾಗಿದ್ದರೆ, 2023ರ ಏಪ್ರಿಲ್‌ನಲ್ಲಿ ಫಿನ್ಲೆಂಡ್ ಸದಸ್ಯತ್ವ ಪಡೆದು ರಷ್ಯಾದ ಜೊತೆ 1,300 ಕಿಲೋಮೀಟರಿಗೂ ಉದ್ದದ ಹೊಸ ನ್ಯಾಟೊ ಗಡಿ ಹುಟ್ಟಿಕೊಂಡಾಗ ಮಾಸ್ಕೋ ಇನ್ನೂ ಹೆಚ್ಚು ಕೆರಳಬೇಕಿತ್ತು. ಹಾಗಾಗಲಿಲ್ಲ. ಪುಟಿನ್ 2021ರ ಜುಲೈನಲ್ಲಿ ಪ್ರಕಟಿಸಿದ ದೀರ್ಘ ಲೇಖನದಲ್ಲಿ ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನ ಎಂದು ವಾದಿಸಿದ್ದರು. ಉಕ್ರೇನಿನ ಜನ ಮಾತ್ರ 1991ರ ಡಿಸೆಂಬರ್ 1ರ ಜನಮತಗಣನೆಯಲ್ಲೇ ಉತ್ತರ ಕೊಟ್ಟಾಗಿತ್ತು: ಮತ ಹಾಕಿದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯ ಬೇಕೆಂದರು. ಡೊನೆಟ್ಸ್ಕ್, ಲುಹಾನ್ಸ್ಕ್‌ನಲ್ಲಿ ಅದು ಶೇ 80ಕ್ಕೂ ಮೇಲೆ, ಕ್ರಿಮಿಯಾದಲ್ಲೂ ಅರ್ಧಕ್ಕಿಂತ ಹೆಚ್ಚು.

ಉಕ್ರೇನ್ ಸಣ್ಣ ದೇಶ ಎನ್ನುವುದು ರಷ್ಯಾದ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ. ವಿಸ್ತೀರ್ಣದಲ್ಲಿ ಅದು ಕರ್ನಾಟಕದ ಮೂರು ಪಟ್ಟು ಇದೆ, ಜನಸಂಖ್ಯೆ ಯುದ್ಧಕ್ಕೆ ಮೊದಲು ಸುಮಾರು 4.1 ಕೋಟಿ. ರಷ್ಯಾದ್ದು 14 ಕೋಟಿಗೂ ಹೆಚ್ಚು, ಆರ್ಥಿಕತೆ ಉಕ್ರೇನಿನ ಎಂಟೊಂಬತ್ತು ಪಟ್ಟು. 2022ರ ಫೆಬ್ರವರಿ 24ರಂದು ದಾಳಿ ಶುರುವಾದಾಗ ಕೆಲವೇ ದಿನಗಳಲ್ಲಿ ಕೀವ್ ಬೀಳುತ್ತದೆ ಎಂದು ಮಾಸ್ಕೋ ಮಾತ್ರವಲ್ಲ, ಪಶ್ಚಿಮದ ಹಲವು ರಾಜಧಾನಿಗಳೂ ಎಣಿಸಿದ್ದವು.

ಆ ಮೊದಲ ದಿನಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಷ್ಯಾದ ಯೋಜನೆ ಕೀವ್ ಹೊರವಲಯದ ಹೊಸ್ತೊಮೆಲ್ ವಿಮಾನ ನಿಲ್ದಾಣದ ಮೇಲೆ ನಿಂತಿತ್ತು. ಹೆಲಿಕಾಪ್ಟರ್‌ನಲ್ಲಿ ಬಂದ ಪಡೆ ಅದನ್ನು ಹಿಡಿಯಬೇಕು, ಹಿಂದೆಯೇ ದೊಡ್ಡ ವಿಮಾನಗಳಲ್ಲಿ ಸಾವಿರಾರು ಸೈನಿಕರು ಇಳಿದು ರಾಜಧಾನಿಗೆ ನುಗ್ಗಬೇಕು. ಹೆಲಿಕಾಪ್ಟರ್‌ಗಳು ಇಳಿದವು. ಆದರೆ ಉಕ್ರೇನ್ ಪಡೆಗಳು ತಮ್ಮದೇ ರನ್‌ವೇಗೆ ಫಿರಂಗಿ ಹೊಡೆದು ಹಾಳು ಮಾಡಿದವು, ದೊಡ್ಡ ವಿಮಾನಗಳು ಬರಲಾಗಲಿಲ್ಲ. ಅದೇ ಕದನದಲ್ಲಿ ಜಗತ್ತಿನ ಅತಿ ದೊಡ್ಡ ಸರಕು ವಿಮಾನ, ಉಕ್ರೇನಿನ ಹೆಮ್ಮೆಯಾಗಿದ್ದ 'ಮ್ರಿಯಾ', ತನ್ನ ಹ್ಯಾಂಗರ್‌ನಲ್ಲೇ ಸುಟ್ಟುಹೋಯಿತು. ಉತ್ತರದಿಂದ ಬರುತ್ತಿದ್ದ ಟ್ಯಾಂಕ್‌ಗಳನ್ನು ತಡೆಯಲು ಅಣೆಕಟ್ಟಿನ ನೀರನ್ನು ಇರ್ಪಿನ್ ನದಿಯ ಕಣಿವೆಗೆ ಬಿಟ್ಟರು. ದೆಮಿದಿವ್ ಎಂಬ ಹಳ್ಳಿಯ ಹಿತ್ತಿಲು, ನೆಲಮಾಳಿಗೆಗಳಲ್ಲಿ ತಿಂಗಳುಗಟ್ಟಲೆ ನೀರು ನಿಂತಿತು, ರಾಜಧಾನಿ ಉಳಿಯಿತು. ಅದೇ ಹೊತ್ತಿಗೆ ಕಣ್ಣಿಗೆ ಕಾಣದ ಇನ್ನೊಂದು ಕೆಲಸವೂ ನಡೆದಿತ್ತು. ಫೆಬ್ರವರಿ 24ರ ನಸುಕಿನಲ್ಲಿ, ದಾಳಿಗೆ ಕೆಲವೇ ಗಂಟೆ ಮೊದಲು, ಉಕ್ರೇನ್ ಮೊದಲೇ ಗೊತ್ತುಮಾಡಿದ್ದ ಪ್ರಯೋಗಕ್ಕಾಗಿ ತನ್ನ ವಿದ್ಯುತ್ ಜಾಲವನ್ನು ರಷ್ಯಾ, ಬೆಲಾರುಸ್ ಜಾಲದಿಂದ ಬೇರ್ಪಡಿಸಿಕೊಂಡಿತ್ತು. ಪ್ರಯೋಗ ಮುಗಿದ ಮೇಲೂ ಅದು ಹಳೆಯ ಜಾಲಕ್ಕೆ ಮರಳಲಿಲ್ಲ. ಬಾಂಬ್ ಬೀಳುತ್ತಿರುವಾಗಲೇ ಎಂಜಿನಿಯರ್‌ಗಳು ಒಂಟಿ ಜಾಲವನ್ನು ನಡೆಸಿ ಮಾರ್ಚ್ 16ರಂದು ಯುರೋಪಿನ ಜಾಲಕ್ಕೆ ಜೋಡಿಸಿದರು. ಮಾರ್ಚ್ ಕೊನೆಗೆ ರಷ್ಯಾದ ಪಡೆ ಕೀವ್ ಸುತ್ತಮುತ್ತಲಿಂದ ಕಾಲ್ತೆಗೆಯಿತು. ಅವರು ಬಿಟ್ಟುಹೋದ ಬುಚಾ ಪಟ್ಟಣದ ಬೀದಿಗಳಲ್ಲಿ ನಾಗರಿಕರ ಶವಗಳು ಬಿದ್ದಿದ್ದವು. ಆಕ್ರಮಿತ ಊರಿನಲ್ಲಿ ಏನಾಗುತ್ತದೆ ಎಂಬುದನ್ನು ಆ ದೇಶದ ಪ್ರತಿಯೊಬ್ಬರೂ ಅಂದು ನೋಡಿದರು. ನೆಲ ಬಿಟ್ಟುಕೊಡುವ ಚರ್ಚೆ ಬಂದಾಗ ಅವರಿಗೆ ಮೊದಲು ನೆನಪಾಗುವುದು ಬುಚಾ.

ಉಕ್ರೇನ್ ಉಳಿದದ್ದು ಪಶ್ಚಿಮದ ಆಯುಧಗಳಿಂದ ಎಂಬ ಮಾತು ಅರ್ಧ ಸತ್ಯ. ಮೊದಲ ತಿಂಗಳಲ್ಲಿ ದೊಡ್ಡ ಆಯುಧಗಳು ಇನ್ನೂ ಬಂದೇ ಇರಲಿಲ್ಲ. 2014ರಿಂದ 2022ರವರೆಗಿನ ಎಂಟು ವರ್ಷಗಳಲ್ಲಿ ಆ ಸಮಾಜ ತನ್ನನ್ನು ತಾನೇ ಬದಲಿಸಿಕೊಂಡಿತ್ತು. ಡಾನ್‌ಬಾಸ್ ಸರದಿಯಲ್ಲಿ ಲಕ್ಷಾಂತರ ಮಂದಿ ಯುದ್ಧ ನೋಡಿ ಊರಿಗೆ ಮರಳಿದ್ದರು. ಅಧಿಕಾರ ವಿಕೇಂದ್ರೀಕರಣದಿಂದ ತೆರಿಗೆಯ ಪಾಲು, ತೀರ್ಮಾನದ ಹಕ್ಕು ಸ್ಥಳೀಯ ಆಡಳಿತಕ್ಕೆ ಬಂದಿತ್ತು. ಹಾಗಾಗಿ ಫೆಬ್ರವರಿ 24ರ ಬೆಳಿಗ್ಗೆ ಮೇಯರ್‌ಗಳು ಕೀವ್‌ನ ಆದೇಶಕ್ಕೆ ಕಾಯುತ್ತ ಕೂರಲಿಲ್ಲ. ಸೇನೆಗೆ ಬೂಟು, ಔಷಧ, ಡ್ರೋನ್ ಒದಗಿಸುವ ಸ್ವಯಂಸೇವಾ ಜಾಲ ಅಷ್ಟರಲ್ಲಿ ಪಳಗಿತ್ತು. 2022ರಲ್ಲಿ ಒಂದು ಪ್ರತಿಷ್ಠಾನ ಟರ್ಕಿಯ ಬೈರಾಕ್ತಾರ್ ಡ್ರೋನ್ ಕೊಳ್ಳಲು ಜನರಿಂದ ಹಣ ಎತ್ತಿತು, ಕಂಪನಿ ಡ್ರೋನ್‌ಗಳನ್ನು ಪುಕ್ಕಟೆ ಕೊಟ್ಟಿತು. ಉಳಿದ ದುಡ್ಡಿನಲ್ಲಿ ಅವರು ತಮ್ಮ ಸೇನೆಗಾಗಿ ಒಂದು ರೇಡಾರ್ ಉಪಗ್ರಹದ ಸೇವೆಯನ್ನೇ ಖರೀದಿಸಿದರು! ಜನ ಚಂದಾ ಎತ್ತಿ ಸೇನೆಗೆ ಉಪಗ್ರಹ ಕೊಡಿಸಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆ ವರ್ಷದ ಗೆಲುವುಗಳು ಎಲ್ಲರಿಗೂ ಗೊತ್ತು. ಏಪ್ರಿಲ್‌ನಲ್ಲಿ ರಷ್ಯಾದ ಯುದ್ಧನೌಕೆ 'ಮಾಸ್ಕ್ವಾ' ಮುಳುಗಿತು, ಸೆಪ್ಟೆಂಬರ್‌ನಲ್ಲಿ ಖಾರ್ಕಿವ್ ಪ್ರಾಂತ್ಯದ ಬಹುಭಾಗ ಕೈಗೆ ಬಂತು, ನವೆಂಬರ್‌ನಲ್ಲಿ ಖೆರ್ಸಾನ್ ನಗರ ಬಿಡುಗಡೆಯಾಯಿತು. 2023ರ ಬೇಸಿಗೆಯ ಪ್ರತಿದಾಳಿ ನೆಲಬಾಂಬ್‌ಗಳ ನಡುವೆ ಸಿಕ್ಕಿ ಸೋತಿತು. ಅಲ್ಲಿಂದೀಚೆಗೆ ಇದು ಕಾದು ಸವೆಸುವ ಯುದ್ಧ. ದೇಶದ ಸುಮಾರು ಐದನೇ ಒಂದು ಭಾಗ ರಷ್ಯಾದ ವಶದಲ್ಲಿದೆ.

ಸವೆಸುವ ಯುದ್ಧದಲ್ಲಿ ಮೊದಲು ಕೊರತೆ ಬೀಳುವುದು ಜನರದ್ದು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 1990ರ ದಶಕದ ಆರ್ಥಿಕ ಕುಸಿತದಲ್ಲಿ ಉಕ್ರೇನಿನ ಜನನ ಪ್ರಮಾಣ ಪಾತಾಳಕ್ಕಿಳಿದು 2000ದ ಆಸುಪಾಸಿನಲ್ಲಿ ತೀರಾ ತಳ ಮುಟ್ಟಿತ್ತು. ಆಗ ಹುಟ್ಟಿದವರಿಗೆ ಈಗ ಇಪ್ಪತ್ತೈದರ ಪ್ರಾಯ. ಅವರು ಎಣಿಕೆಯಲ್ಲೇ ಕಡಿಮೆ. ಅವರನ್ನೂ ಕಳೆದುಕೊಂಡರೆ ನಾಳೆ ಮಕ್ಕಳು ಹುಟ್ಟುವುದೆಲ್ಲಿಂದ, ದೇಶ ಕಟ್ಟುವವರು ಯಾರು? ಕಡ್ಡಾಯ ಭರ್ತಿಯ ವಯಸ್ಸನ್ನು 2024ರ ಏಪ್ರಿಲ್‌ನಲ್ಲಿ 27ರಿಂದ 25ಕ್ಕೆ ಇಳಿಸಿದರು. 18ಕ್ಕೆ ಇಳಿಸಿ ಎಂದು ಅಮೆರಿಕ ಒತ್ತಾಯಿಸಿದಾಗ ಕೀವ್ ಒಪ್ಪದೇ ಇದ್ದುದರ ಹಿಂದೆ ಈ ಲೆಕ್ಕವಿದೆ. ಮುಂಚೂಣಿ ಸೈನಿಕರ ಸರಾಸರಿ ವಯಸ್ಸು ನಲವತ್ತು ದಾಟಿದೆ. ಬೀದಿಯಲ್ಲಿ ಗಂಡಸರನ್ನು ಹಿಡಿದು ವ್ಯಾನಿಗೆ ತುಂಬುವ ದೃಶ್ಯಗಳು, ಸೇನೆ ಬಿಟ್ಟು ಓಡಿಹೋಗುವವರ ಪ್ರಕರಣಗಳು ಕೂಡ ಈ ಯುದ್ಧದ ನಿಜಗಳೇ.

ರಷ್ಯಾ ಈ ಲೆಕ್ಕವನ್ನು ದುಡ್ಡಿನಿಂದ ಸರಿದೂಗಿಸುತ್ತಿದೆ. ಸೇನೆ ಸೇರುವವರಿಗೆ ಊರಿನ ದುಡಿಮೆಯಲ್ಲಿ ವರ್ಷಗಟ್ಟಲೆ ಕಾಣದಷ್ಟು ಮುಂಗಡ ಕೊಡುತ್ತದೆ, ಬುರ್ಯಾತಿಯಾ, ತುವಾದಂಥ ಬಡ ಪ್ರಾಂತ್ಯಗಳಿಂದ ಹೆಚ್ಚು ಜನರನ್ನು ಎತ್ತುತ್ತದೆ, ಜೈಲಿನ ಕೈದಿಗಳನ್ನೂ ಬಿಟ್ಟಿಲ್ಲ. ಉತ್ತರ ಕೊರಿಯಾದ ಸೈನಿಕರೂ ಬಂದರು. ಈ ಬಲೆ ನಮ್ಮ ಕಲಬುರಗಿ ಜಿಲ್ಲೆಯವರೆಗೂ ಚಾಚಿತ್ತು. ಸೆಕ್ಯುರಿಟಿ, ಸಹಾಯಕ ಕೆಲಸ ಎಂದು ನಂಬಿಸಿ ಏಜೆಂಟರು ಕಳಿಸಿದ ಭಾರತೀಯ ಯುವಕರು ರಷ್ಯಾದಲ್ಲಿ ಇಳಿದ ಮೇಲೆ ಸಮವಸ್ತ್ರ ತೊಡಬೇಕಾಯಿತು. ಅವರಲ್ಲಿ ಕೆಲವರು ಮನೆಗೆ ಮರಳಿದರು, ಕೆಲವರು ಅಲ್ಲೇ ಸತ್ತರು.

ಜನರ ಕೊರತೆಯನ್ನು ಉಕ್ರೇನ್ ತುಂಬಿಕೊಳ್ಳುತ್ತಿರುವುದು ಡ್ರೋನ್‌ಗಳಿಂದ. 2024ರಲ್ಲಿ ಡ್ರೋನ್‌ಗಳಿಗಾಗಿಯೇ ಸೇನೆಯ ಪ್ರತ್ಯೇಕ ವಿಭಾಗ ಮಾಡಿತು. ಇವತ್ತು ಮುಂಚೂಣಿಯ ಎರಡೂ ಬದಿಗೆ ಹದಿನೈದಿಪ್ಪತ್ತು ಕಿಲೋಮೀಟರ್ ಉದ್ದಕ್ಕೆ ಹಗಲಿನಲ್ಲಿ ಓಡಾಡುವ ಯಾವ ವಾಹನಕ್ಕೂ ಉಳಿಗಾಲವಿಲ್ಲ. ಜಾಮರ್‌ಗೆ ಸಿಗದಿರಲೆಂದು ಡ್ರೋನ್‌ಗಳು ಕೂದಲೆಳೆಯಂಥ ಫೈಬರ್ ತಂತಿಯನ್ನು ಬಿಚ್ಚಿಕೊಳ್ಳುತ್ತಾ ಹಾರುತ್ತವೆ; ಆ ಎಳೆಗಳು ಹೊಲ, ಮರ, ಕರೆಂಟ್ ಕಂಬಗಳ ಮೇಲೆಲ್ಲ ಹರಡಿಕೊಂಡು ಬಿಸಿಲಿಗೆ ಮಿನುಗುತ್ತವೆ. ಸ್ಲೊವಿಯಾನ್ಸ್ಕ್ ಕಡೆಗೆ ಹೋಗುವ ರಸ್ತೆಗಳಿಗೆ ಕಂಬ ನೆಟ್ಟು, ಮೇಲೂ ಬದಿಗೂ ಬಲೆ ಕಟ್ಟಿದ್ದಾರೆ. ಇಂಥ ಬಲೆಗಳಲ್ಲಿ ಒಂದಷ್ಟು ಯುರೋಪಿನ ಕಡಲ ತೀರದ ಮೀನುಗಾರರು ಬಳಸಿ ಬಿಟ್ಟವು, ಅವರೇ ಕಳಿಸಿಕೊಟ್ಟಿದ್ದು. ಗಾಯಗೊಂಡವರನ್ನು ಹೊರತರಲು ಕತ್ತಲಾಗುವವರೆಗೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕು. ಡ್ರೋನ್ ಸೈನಿಕನ ಕೆಲಸ ಹಗುರ ಮಾಡಿದೆ ಎಂದು ಯಾರಾದರೂ ಅಂದರೆ ನಂಬಬೇಡಿ.

ಹಣದ ಮಾತು ಚುಟುಕಾಗಿ ಹೇಳಬಹುದು. 2025ರಲ್ಲಿ ಅಮೆರಿಕದ ನೆರವು ಬಹುತೇಕ ನಿಂತು ಹೊರೆ ಯುರೋಪಿನ ಹೆಗಲಿಗೆ ಬಿತ್ತು. ಡಿಸೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟ 90 ಶತಕೋಟಿ ಯೂರೊ ಸಾಲ ಕೊಡಲು ತೀರ್ಮಾನಿಸಿತು. ಬೆಲ್ಜಿಯಂನಲ್ಲಿ ಸ್ತಂಭನಗೊಂಡಿರುವ ರಷ್ಯಾದ ಹಣವನ್ನು ಇದಕ್ಕೆ ಬಳಸಲು ಮಾತ್ರ ಒಮ್ಮತ ಮೂಡಲಿಲ್ಲ.

ಉಕ್ರೇನಿನ ಭ್ರಷ್ಟಾಚಾರವನ್ನು ಮುಂದಿಟ್ಟು ಇಂಥ ದೇಶಕ್ಕೆ ಯಾಕೆ ನೆರವು ಎನ್ನುವವರಿದ್ದಾರೆ. ಭ್ರಷ್ಟಾಚಾರ ಇದೆ. 2025ರ ಜುಲೈನಲ್ಲಿ ಅಧ್ಯಕ್ಷ ಝೆಲೆನ್‌ಸ್ಕಿ ಸರ್ಕಾರ ಭ್ರಷ್ಟಾಚಾರ ತನಿಖಾ ಸಂಸ್ಥೆಗಳ ಸ್ವಾತಂತ್ರ್ಯ ಮೊಟಕುಗೊಳಿಸುವ ಕಾನೂನನ್ನೇ ತಂದಿತು. ಕ್ಷಿಪಣಿ ಬೀಳುತ್ತಿರುವ ದೇಶದಲ್ಲಿ ಯುವಜನ ರಟ್ಟಿನ ಫಲಕ ಹಿಡಿದು ಬೀದಿಗಿಳಿದರು, ಹತ್ತು ದಿನದೊಳಗೆ ಸಂಸತ್ತು ಆ ಕಾನೂನನ್ನು ಹಿಂದೆಗೆಯಿತು. ಅದೇ ಸಂಸ್ಥೆಗಳು ನವೆಂಬರ್‌ನಲ್ಲಿ ಇಂಧನ ಕ್ಷೇತ್ರದ ಸುಮಾರು 10 ಕೋಟಿ ಡಾಲರ್ ಹಗರಣ ಬಯಲಿಗೆಳೆದವು. ಅಧ್ಯಕ್ಷರ ಬಲಗೈಯಂತಿದ್ದ ಆಂಡ್ರಿ ಯೆರ್ಮಾಕ್ ರಾಜೀನಾಮೆ ಕೊಡಬೇಕಾಯಿತು. ಎದುರಿನ ದೇಶದಲ್ಲಿ ಈ ಯುದ್ಧವನ್ನು ಯುದ್ಧ ಎಂದು ಕರೆದು ವಿರೋಧಿಸಿದವರು ಜೈಲಿಗೆ ಹೋದರು. ಉಕ್ರೇನಿನ ಜನ ಕಾಪಾಡಿಕೊಳ್ಳಲು ಹೊರಟಿರುವುದು ಸರ್ಕಾರವನ್ನು ಪ್ರಶ್ನಿಸುವ ಈ ಅವಕಾಶವನ್ನೂ ಹೌದು.

ಇತಿಹಾಸದಿಂದ ಎರಡು ಉದಾಹರಣೆ ಪದೇಪದೇ ಬರುತ್ತವೆ. 1938ರಲ್ಲಿ ಚೆಕೊಸ್ಲೊವಾಕಿಯಾ ತನ್ನ ಗಡಿಕೋಟೆಗಳಿದ್ದ ಸುಡೆಟನ್‌ಲ್ಯಾಂಡನ್ನು ಮ್ಯೂನಿಕ್ ಒಪ್ಪಂದದಂತೆ ಬಿಟ್ಟುಕೊಟ್ಟಿತು. ಆರು ತಿಂಗಳಿಗೆ ಹಿಟ್ಲರನ ಸೇನೆ ಪ್ರಾಗ್‌ನಲ್ಲಿತ್ತು. ಇನ್ನೊಂದು ಫಿನ್ಲೆಂಡ್. 1939ರ ನವೆಂಬರ್ 30ರಂದು ಸೋವಿಯತ್ ಸೇನೆ ನುಗ್ಗಿತು, 105 ದಿನ ಹೋರಾಡಿ ಫಿನ್ಲೆಂಡ್ ಕರೇಲಿಯಾವನ್ನು ಕಳೆದುಕೊಂಡಿತು, ಸ್ವಾತಂತ್ರ್ಯ ಉಳಿಸಿಕೊಂಡಿತು. ನೆಲ ಬಿಡಿ ಎನ್ನುವವರಿಗೆ ಇದು ಇಷ್ಟದ ಉದಾಹರಣೆ. ಆದರೆ ಅಲ್ಲಿಗೆ ಕಥೆ ಮುಗಿಯಲಿಲ್ಲ. ಒಪ್ಪಂದದ ಬೆನ್ನಲ್ಲೇ ಅವರು ಹೊಸ ಗಡಿಯಲ್ಲಿ ಸಾಲ್ಪಾ ಎಂಬ ರಕ್ಷಣಾ ಸಾಲು ಕಟ್ಟತೊಡಗಿದರು, 1941ರಲ್ಲಿ ಮತ್ತೆ ಯುದ್ಧವಾಯಿತು. ಮುಖ್ಯ ವ್ಯತ್ಯಾಸ ಬೇರೆಯೇ ಇದೆ. ಕರೇಲಿಯಾದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ, ಬಹುತೇಕ ಎಲ್ಲರೂ, ಗಂಟುಮೂಟೆ ಕಟ್ಟಿಕೊಂಡು ಫಿನ್ಲೆಂಡಿನ ಒಳಕ್ಕೆ ಬಂದರು. ಉಕ್ರೇನಿನ ಆಕ್ರಮಿತ ಪ್ರದೇಶಗಳಲ್ಲಿ ಲಕ್ಷಾಂತರ ಜನ ಈಗಲೂ ಇದ್ದಾರೆ. ರಷ್ಯಾದ ಪಾಸ್‌ಪೋರ್ಟ್ ಪಡೆಯದವರಿಗೆ ಅಲ್ಲಿ ಆಸ್ತಿ, ಚಿಕಿತ್ಸೆ, ಪಿಂಚಣಿ ಎಲ್ಲಕ್ಕೂ ತೊಡಕು. ಶಾಲೆಯಲ್ಲಿ ರಷ್ಯಾದ ಪಠ್ಯ. ಅಲ್ಲಿಂದ ಮಕ್ಕಳನ್ನು ರಷ್ಯಾಕ್ಕೆ ಸಾಗಿಸಿದ ಆರೋಪದ ಮೇಲೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2023ರ ಮಾರ್ಚ್‌ನಲ್ಲಿ ಪುಟಿನ್ ಮತ್ತು ಮಕ್ಕಳ ಹಕ್ಕುಗಳ ಆಯುಕ್ತೆ ಮರಿಯಾ ಲ್ವೊವಾ-ಬೆಲೊವಾ ವಿರುದ್ಧ ಬಂಧನ ವಾರಂಟ್ ಹೊರಡಿಸಿತು. ನೆಲ ಬಿಡುವುದೆಂದರೆ ಇವರನ್ನೂ ಬಿಡುವುದು.

ಭಾರತಕ್ಕೆ ಈ ಯುದ್ಧ ದೂರದ್ದಾಗಿರಲಿಲ್ಲ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಿನಸಿ ತರಲು ಹೊರಟಿದ್ದ ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ರಷ್ಯಾದ ಶೆಲ್ ದಾಳಿಗೆ ಬಲಿಯಾದ. ಮೂರು ವಾರದ ನಂತರ ಊರಿಗೆ ಬಂದ ದೇಹವನ್ನು ಹೆತ್ತವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಅದೇ ಬೇಸಿಗೆಯಲ್ಲಿ ನಮ್ಮ ಅಡುಗೆಮನೆಗಳಲ್ಲಿ ಸನ್‌ಫ್ಲವರ್ ಎಣ್ಣೆಯ ಬೆಲೆ ಏರಿದ್ದು ಉಕ್ರೇನಿನ ಬಂದರುಗಳು ಮುಚ್ಚಿದ್ದರಿಂದ. ವಿಶ್ವಸಂಸ್ಥೆಯಲ್ಲಿ 141 ದೇಶಗಳು ಆಕ್ರಮಣವನ್ನು ಖಂಡಿಸಿದಾಗ ಭಾರತ ಮತದಾನದಿಂದ ದೂರ ಉಳಿಯಿತು; ರಷ್ಯಾದ ಕಚ್ಚಾತೈಲದ ದೊಡ್ಡ ಗ್ರಾಹಕನಾಯಿತು; ಅದೇ ಕಾರಣ ಮುಂದಿಟ್ಟು 2025ರ ಆಗಸ್ಟ್‌ನಲ್ಲಿ ಅಮೆರಿಕ ಹೆಚ್ಚುವರಿ ಶೇ 25 ಸುಂಕ ಹೇರಿತು. ತೈಲ ಎಲ್ಲಿಂದ ಕೊಳ್ಳಬೇಕು ಎಂಬುದಕ್ಕೆ ಬಡವರಿರುವ ದೇಶಕ್ಕೆ ತನ್ನದೇ ಲೆಕ್ಕ ಇರುತ್ತದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ 'ಎರಡೂ ಕಡೆಯವರು ನಿಲ್ಲಿಸಲಿ' ಎನ್ನುವಾಗ ಗಡಿ ದಾಟಿ ಬಂದವರು ಯಾರು ಎಂಬುದನ್ನು ಮಾತಿನಿಂದ ಬಿಟ್ಟುಬಿಡುವ ಅಗತ್ಯ ನಮಗಿಲ್ಲ.

ಇನ್ನು ಒಪ್ಪಂದಕ್ಕೆ ಅಡ್ಡ ನಿಂತಿರುವ ಕಾನೂನಿನ ತೊಡಕು. 2022ರ ಸೆಪ್ಟೆಂಬರ್ 30ರಂದು ರಷ್ಯಾ ಡೊನೆಟ್ಸ್ಕ್, ಲುಹಾನ್ಸ್ಕ್, ಝಪೋರಿಝಿಯಾ, ಖೆರ್ಸಾನ್ ಎಂಬ ನಾಲ್ಕು ಪ್ರಾಂತ್ಯಗಳನ್ನು ತನ್ನವೆಂದು ಘೋಷಿಸಿ ಸಂವಿಧಾನಕ್ಕೆ ಸೇರಿಸಿಕೊಂಡಿತು, ಅವುಗಳಲ್ಲಿ ಒಂದಿಷ್ಟು ಭಾಗ ಅಂದು ಅದರ ಕೈಯಲ್ಲಿರಲೇ ಇಲ್ಲ. ಉಕ್ರೇನಿನ ಸಂವಿಧಾನದ 73ನೇ ವಿಧಿಯಂತೆ ದೇಶದ ಗಡಿ ಬದಲಿಸಲು ಇಡೀ ದೇಶದ ಜನಮತಗಣನೆ ಆಗಲೇಬೇಕು. ಝೆಲೆನ್‌ಸ್ಕಿ ಒಬ್ಬರೇ ಸಹಿ ಹಾಕಿದರೆ ಅದಕ್ಕೆ ಬೆಲೆಯಿಲ್ಲ. ಜನಮತಗಣನೆ ನಡೆಸಲು ಮತಗಟ್ಟೆಯ ಮೇಲೆ ಕ್ಷಿಪಣಿ ಬೀಳಬಾರದು, ಮುಂಚೂಣಿಯ ಸೈನಿಕನಿಗೂ ವಿದೇಶದಲ್ಲಿರುವ ಸುಮಾರು 60 ಲಕ್ಷ ನಿರಾಶ್ರಿತರಿಗೂ ಮತ ಹಾಕುವ ದಾರಿ ಬೇಕು. ಅಂದರೆ ಮೊದಲು ಕದನ ವಿರಾಮ. ರಷ್ಯಾದ ಷರತ್ತು ಇದಕ್ಕೆ ತಿರುಗುಮುರುಗು: ಮೊದಲು ಡೊನೆಟ್ಸ್ಕ್ ತೆರವು ಮಾಡಿ, ಆಮೇಲೆ ಕದನ ವಿರಾಮ. ಭದ್ರತಾ ಭರವಸೆಯ ಕಥೆಯೂ ಹೀಗೇ ಇದೆ. ಒಪ್ಪಂದದ ನಂತರ ತಮ್ಮ ಪಡೆ ಕಳಿಸಲು ಬ್ರಿಟನ್, ಫ್ರಾನ್ಸ್ ಮುಂದೆ ಬಂದಿವೆ, ನ್ಯಾಟೊ ದೇಶಗಳ ಒಬ್ಬ ಸೈನಿಕನೂ ಅಲ್ಲಿ ಇರಕೂಡದು ಎನ್ನುತ್ತದೆ ಮಾಸ್ಕೋ. ಕೋಟೆ ಪಟ್ಟಿ ಬಿಟ್ಟ ಮೇಲೆ ರಷ್ಯಾ ಮತ್ತೆ ಬಂದರೆ ಯಾವ ದೇಶದ ಸೈನಿಕ, ಎಷ್ಟು ದಿನದೊಳಗೆ, ಎಲ್ಲಿ ಬಂದು ನಿಲ್ಲುತ್ತಾನೆ ಎಂಬುದಕ್ಕೆ ಕರಡಿನ 28 ಅಂಶಗಳಲ್ಲಿ ಉತ್ತರ ಇರಲಿಲ್ಲ.